ಹಳೇ ಸ್ಟೀರಿಯೋಗೆ ಸಬ್‌ವೂಫರ್ ಜೋಡಿಸುವುದು ಹೇಗೆ?

ಸಬ್‌ವೂಫರ್ ಅಂದರೆ ಬೇಸ್, ಅಂದರೆ ತಗ್ಗಿನ ಸದ್ದನ್ನು ಮಾತ್ರ ನುಡಿಸುವ ಸ್ಪೀಕರ್. 1970ರ ದಶಕದ ಒಂದು ಸ್ಟೀರಿಯೋ ರಿಸೀವರನ್ನು (ರೇಡಿಯೋ ಮತ್ತು ಆಂಪ್ಲಿಫೈಯರ್, ಅಂದರೆ ಆಂಪ್, ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು) ತಿರುಗಿಸಿ ಹಿಂಬದಿ ನೋಡಿ. ಫೋನೋ, ಟೇಪ್, ಆಕ್ಸ್ ಅಂತ ಸಾಕೆಟ್ಟುಗಳು ಸಾಲಾಗಿ ಇರುತ್ತವೆ. ಎ, ಬಿ ಅಂತ ಎರಡು ಜೋಡಿ ಸ್ಪೀಕರ್‌ಗೆ ಜಾಗ ಇರುತ್ತದೆ. ಸಬ್‌ವೂಫರ್‌ಗೆ ಅಂತ ಮಾತ್ರ ಒಂದು ಸಾಕೆಟ್ಟೂ ಇರುವುದಿಲ್ಲ. ಆಗ ಮನೆಗೆ ಸಬ್‌ವೂಫರ್ ತರುವವರೇ ಅಪರೂಪ. 'ಸಬ್ ಔಟ್' ಅನ್ನೋದು ಮಾಮೂಲಿಯಾದದ್ದು ಹೋಮ್ ಥಿಯೇಟರ್ ಬಂದ ಮೇಲೆ. ಬೇಸ್‌ಗೆ ಬೇರೆಯದೇ ಚಾನೆಲ್ ಇಟ್ಟ ಡಾಲ್ಬಿ ಡಿಜಿಟಲ್ ಸಿನಿಮಾ ಥಿಯೇಟರುಗಳಿಗೆ ಬಂದದ್ದೇ 1992ರಲ್ಲಿ.

ಹಾಗಂತ ಹಳೇ ಸೆಟ್ಟನ್ನು ಬಿಚ್ಚಬೇಕಿಲ್ಲ, ಒಳಗೆ ಸೋಲ್ಡರ್ ಹಾಕಬೇಕಿಲ್ಲ, ಹೊಸ ಆಂಪ್ ಕೊಳ್ಳಬೇಕಿಲ್ಲ. ಸೆಟ್ಟಿಗೆ ಏನೂ ಮಾಡದೆ, ನಾಳೆ ಬೇಡ ಅನ್ನಿಸಿದರೆ ಬಿಡಿಸಿ ಪಕ್ಕಕ್ಕಿಡುವ ಹಾಗೆ ಸಬ್ ಸೇರಿಸಬಹುದು. ವೈರು ಜೋಡಿಸುವುದು ಸಣ್ಣ ಕೆಲಸ. ಸಬ್ಬನ್ನು ಎಲ್ಲಿ ಇಡಬೇಕು, ಎಷ್ಟು ಜೋರಾಗಿಡಬೇಕು ಅನ್ನೋದಕ್ಕೇ ನಿಜವಾಗಿ ಸಮಯ ಹಿಡಿಯುತ್ತದೆ.

ನಿಮಗೆ ಸಬ್ ಬೇಕಾ?

ಮೊದಲು ಇದನ್ನು ಕೇಳಿಕೊಳ್ಳಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಜ್. ಪಿಯಾನೋದ ಎಡತುದಿಯ ಮನೆ 27.5 ಹರ್ಟ್ಜ್. ಶೆಲ್ಫಿನ ಮೇಲೆ ಕೂರುವ ಸಣ್ಣ ಸ್ಪೀಕರುಗಳಲ್ಲಿ ಹೆಚ್ಚಿನವು 55–60 ಹರ್ಟ್ಜ್ ದಾಟಿ ಕೆಳಗಿಳಿಯುವಾಗಲೇ ಸೋಲುತ್ತವೆ. ಅಂಥ ಸ್ಪೀಕರ್ ಇದ್ದರೆ ಸಬ್ಬಿನಿಂದ ದೊಡ್ಡ ಲಾಭ ಇದೆ. ಹನ್ನೆರಡು ಇಂಚಿನ ವೂಫರ್ ಇರುವ, ನೆಲದ ಮೇಲೆ ನಿಲ್ಲುವ ಹಳೇ ಸ್ಪೀಕರ್ ಆದರೆ ಅದು 40 ಹರ್ಟ್ಜ್ ಹತ್ತಿರ ಆಗಲೇ ಹೋಗಿರಬಹುದು. ಆಗ ಸಬ್ಬಿಗೆ ಉಳಿಯುವ ಕೆಲಸ ಕಡಿಮೆ.

ಇನ್ನೊಂದು ಸಂಗತಿ. ಬೇಸ್ ಕಡಿಮೆ ಅಂತ ಅನ್ನಿಸಿದಾಗ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆಯಾ ನೋಡಿ. ಹಾಗಾಗಿದ್ದರೆ ಎರಡು ಸ್ಪೀಕರಿನ ಬೇಸೂ ಒಂದನ್ನೊಂದು ನುಂಗಿಹಾಕುತ್ತದೆ. ಇದನ್ನು ಸರಿಪಡಿಸೋಕೆ ಸಬ್ ಬೇಡ, ವೈರು ತಿರುಗಿಸಿದರೆ ಸಾಕು.

ಮೊದಲು ಆಂಪಿನ ಆರೋಗ್ಯ

ನಲವತ್ತು, ಐವತ್ತು ವರ್ಷದ ಸೆಟ್ಟಿಗೆ ಏನಾದರೂ ಸೇರಿಸುವ ಮುಂಚೆ ಅದು ನೆಟ್ಟಗಿದೆಯಾ ಅಂತ ನೋಡಬೇಕು, ಅಲ್ವಾ? ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಟ್ರಾನ್ಸಿಸ್ಟರ್ ಆಂಪ್ ಆದರೆ ವಾಲ್ಯೂಮ್ ಸೊನ್ನೆಗೆ ತಂದು, ಆನ್ ಮಾಡಿ, ಹತ್ತು ನಿಮಿಷ ಬಿಸಿಯಾಗಲು ಬಿಡಿ. ಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು, ಎಡ ಸ್ಪೀಕರಿನ ಪ್ಲಸ್ ಮತ್ತು ಮೈನಸ್ ಟರ್ಮಿನಲ್ಲಿಗೆ ಕಡ್ಡಿಗಳನ್ನು ಮುಟ್ಟಿಸಿ. ಆಮೇಲೆ ಬಲದ್ದು. 50 ಮಿಲಿವೋಲ್ಟಿನ ಒಳಗಿದ್ದರೆ ನೆಮ್ಮದಿ. ನೂರು ದಾಟಿದ್ದರೆ ಸಬ್ಬಿನ ವಿಚಾರ ಬದಿಗಿಟ್ಟು ಮೊದಲು ರಿಪೇರಿಯವರ ಹತ್ತಿರ ಒಯ್ಯಿರಿ. ಅಳೆಯುವಾಗ ಎರಡು ಕಡ್ಡಿಯ ತುದಿಗಳು ಒಂದಕ್ಕೊಂದು ತಗುಲದಂತೆ ಎಚ್ಚರ ಇರಲಿ.

ವಾಲ್ಯೂಮ್ ತಿರುಗಿಸಿದಾಗ ಚರಚರ ಅನ್ನುತ್ತಿದ್ದರೆ, ಒಂದು ಕಡೆಯ ಸ್ಪೀಕರ್ ಆಗಾಗ ಸತ್ತು ಬದುಕುತ್ತಿದ್ದರೆ, ಅದು ಹೆಚ್ಚಾಗಿ ಸ್ವಿಚ್ಚು ಮತ್ತು ನಾಬುಗಳ ಒಳಗಿನ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಬಹಳಷ್ಟು ಸರಿಹೋಗುತ್ತದೆ. ಇದನ್ನು ಮೊದಲೇ ಮಾಡಿಬಿಡಿ. ಇಲ್ಲದಿದ್ದರೆ ಆಮೇಲೆ ಪ್ರತಿ ತೊಂದರೆಗೂ ಸುಮ್ನೆ ಸಬ್ಬನ್ನು ಬೈಯುತ್ತೀರಿ.

ಎಂಥ ಸಬ್ ತರಬೇಕು?

ಒಂದೇ ಒಂದು ಷರತ್ತು ಮುಖ್ಯ: ಸಬ್ಬಿನ ಒಳಗೇ ಆಂಪ್ ಇರಬೇಕು, ಅದರ ಹಿಂದೆ 'ಹೈ ಲೆವೆಲ್' ಅಥವಾ 'ಸ್ಪೀಕರ್ ಲೆವೆಲ್' ಅಂತ ಬರೆದ ಇನ್‌ಪುಟ್ ಇರಬೇಕು. ಹೋಮ್ ಥಿಯೇಟರ್ ಸೆಟ್ಟಿನಿಂದ ಬಿಡಿಯಾಗಿ ಸಿಗುವ, ಒಳಗೆ ಆಂಪ್ ಇಲ್ಲದ ಪ್ಯಾಸಿವ್ ಸಬ್ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದನ್ನು ನಿಮ್ಮ ಹಳೇ ಆಂಪೇ ಓಡಿಸಬೇಕು. ಸ್ಪೀಕರಿನ ಜತೆಗೆ ಅದನ್ನೂ ಕಟ್ಟಿದರೆ ಇಂಪೀಡೆನ್ಸ್ (ಆಂಪಿನ ಕರೆಂಟಿಗೆ ಎದುರಾಗುವ ತಡೆ) ಅರ್ಧಕ್ಕೆ ಇಳಿದು ಔಟ್‌ಪುಟ್ ಟ್ರಾನ್ಸಿಸ್ಟರುಗಳು ಬೇಯಬಹುದು.

ಎಂಟು ಇಂಚೋ ಹನ್ನೆರಡು ಇಂಚೋ ಅನ್ನೋದು ಕೋಣೆಗೆ ಬಿಟ್ಟದ್ದು. ಪೆಟ್ಟಿಗೆಯ ವಿಚಾರದಲ್ಲಿ ನನ್ನ ಒಲವು ತೂತಿಲ್ಲದ, ಮುಚ್ಚಿದ ಪೆಟ್ಟಿಗೆಯ ಕಡೆಗೆ. 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಎಆರ್-1 ತಂದ ಮೇಲೆ ಮುಚ್ಚಿದ ಪೆಟ್ಟಿಗೆಯ ಸ್ಪೀಕರುಗಳ ಒಂದು ದೊಡ್ಡ ಪರಂಪರೆಯೇ ಬೆಳೆಯಿತು. ಅಂಥವುಗಳಲ್ಲಿ ಬೇಸ್ ಒಮ್ಮೆಲೇ ಬೀಳುವುದಿಲ್ಲ, ಆಕ್ಟೇವಿಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ತೂತಿನ ಪೆಟ್ಟಿಗೆಯಲ್ಲಿ ಇಳಿತ 24 ಡೆಸಿಬೆಲ್. ನಿಧಾನವಾಗಿ ಇಳಿಯುವ ಸ್ಪೀಕರಿಗೆ ಅದೇ ಸ್ವಭಾವದ ಸಬ್ ಹೊಂದಿಸುವುದು ಸುಲಭ.

ಜೋಡಣೆ: ಸ್ಪೀಕರ್ ಟರ್ಮಿನಲ್ಲಿನಿಂದ

ನನ್ನ ಲೆಕ್ಕದಲ್ಲಿ ಹಳೇ ಸೆಟ್ಟಿಗೆ ಇದೇ ಮೊದಲ ಆಯ್ಕೆ. ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನೇ ಸಬ್ಬಿಗೂ ಕೊಡುತ್ತೀರಿ. ಸಬ್ಬಿನ ಹೈ ಲೆವೆಲ್ ಇನ್‌ಪುಟ್ಟಿನ ಇಂಪೀಡೆನ್ಸ್ ಸಾವಿರಾರು ಓಮ್ ಇರುತ್ತದೆ. ಹಾಗಾಗಿ ಅದು ನಿಮ್ಮ ಆಂಪಿನಿಂದ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಆಂಪಿಗೆ ಸಬ್ ಇದೆ ಅನ್ನೋದೇ ಗೊತ್ತಾಗುವುದಿಲ್ಲ. ವಾಲ್ಯೂಮ್, ಬ್ಯಾಲೆನ್ಸ್, ಟೋನ್ ಏನು ತಿರುಗಿಸಿದರೂ ಸಬ್ ಜತೆಜತೆಗೇ ಬರುತ್ತದೆ.

ಮೊದಲು ಒಂದು ಪರೀಕ್ಷೆ. ಸೆಟ್ ಆಫ್ ಮಾಡಿ, ಪ್ಲಗ್ಗು ಕಿತ್ತು, ಸ್ಪೀಕರ್ ವೈರುಗಳನ್ನು ಬಿಡಿಸಿ. ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಎಡದ ಮೈನಸ್ಸಿಗೆ ಒಂದು ಕಡ್ಡಿ, ಬಲದ ಮೈನಸ್ಸಿಗೆ ಇನ್ನೊಂದು. ಬೀಪ್ ಅಂದರೆ ಎರಡಕ್ಕೂ ಒಳಗೆ ಒಂದೇ ಗ್ರೌಂಡ್. ಹೆಚ್ಚಿನ ಹಳೇ ಸ್ಟೀರಿಯೋಗಳು ಹೀಗೇ ಇರುತ್ತವೆ, ನೀವು ಧೈರ್ಯವಾಗಿ ಮುಂದುವರಿಯಬಹುದು. ಬೀಪ್ ಬರದಿದ್ದರೆ ನಿಲ್ಲಿಸಿ. ಸಬ್ಬಿನ ಒಳಗೆ ಎರಡು ಮೈನಸ್ಸುಗಳೂ ಸೇರಿಕೊಂಡಿರುತ್ತವೆ. ಅಂಥ ಆಂಪಿಗೆ ಹಾಗೇ ಕಟ್ಟಿದರೆ ಶಾರ್ಟ್ ಆಗಬಹುದು. ಆಂಪಿನ ಮತ್ತು ಸಬ್ಬಿನ ಕೈಪಿಡಿ ನೋಡಿ, ಇಲ್ಲವೇ ಬಲ್ಲವರನ್ನು ಕೇಳಿಯೇ ಮುಂದಿನ ಹೆಜ್ಜೆ.

ಇನ್ನು ವೈರು. ಇದರಲ್ಲಿ ಕರೆಂಟ್ ಹೆಚ್ಚು ಹರಿಯುವುದಿಲ್ಲವಾದ್ದರಿಂದ ದಪ್ಪ ವೈರು ಬೇಕಿಲ್ಲ. ತೆಳ್ಳಗಿನ ಎರಡೆಳೆ ವೈರು ಸಾಕು, ಬೇಕಾದಷ್ಟು ಉದ್ದ ಎಳೆಯಬಹುದು, ಧಾರಾಳವಾಗಿಯೇ ಕತ್ತರಿಸಿ. ತುದಿಯಲ್ಲಿ ಒಂದು ಸೆಂಟಿಮೀಟರ್ ಮಾತ್ರ ಸುಲಿಯಿರಿ. ಒಳಗಿನ ತಾಮ್ರದ ಎಳೆಗಳನ್ನು ಬೆರಳಲ್ಲಿ ಬಿಗಿಯಾಗಿ ಹೊಸೆಯಿರಿ. ಹಳೇ ಸೆಟ್ಟುಗಳ ಸ್ಪ್ರಿಂಗ್ ಕ್ಲಿಪ್ಪಿನ ಬಾಯಿ ಚಿಕ್ಕದು, ಎರಡು ವೈರು ಬೇರೆಬೇರೆಯಾಗಿ ಹೋಗುವುದಿಲ್ಲ. ಸ್ಪೀಕರ್ ವೈರಿನ ತುದಿ ಮತ್ತು ಸಬ್ ವೈರಿನ ತುದಿಯನ್ನು ಒಟ್ಟಿಗೇ ಹೊಸೆದು ಒಂದಾಗಿ ತೂರಿಸಿ. ಆಮೇಲೆ ಟಾರ್ಚ್ ಬಿಟ್ಟು ನೋಡಿ. ಕೂದಲಿನಂಥ ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್ಲಿಗೆ ತಗುಲುತ್ತಿದ್ದರೂ ಅದು ಶಾರ್ಟ್. ಅದೃಷ್ಟ ಚೆನ್ನಾಗಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್.

ಎಡ ಪ್ಲಸ್ಸಿನಿಂದ ಸಬ್ಬಿನ ಎಡ ಪ್ಲಸ್ಸಿಗೆ, ಎಡ ಮೈನಸ್ಸಿನಿಂದ ಎಡ ಮೈನಸ್ಸಿಗೆ. ಬಲಕ್ಕೂ ಹಾಗೇ. ಒಂದೇ ಚಾನೆಲ್ ಕಟ್ಟಿ ಸುಮ್ಮನಾಗಬೇಡಿ. ಸಬ್ ಎರಡನ್ನೂ ಕೂಡಿಸಿ ನುಡಿಸುತ್ತದೆ, ಎರಡೂ ಸಿಗಬೇಕು. ಸೆಟ್ಟಿನ ಹಿಂದೆ ಕೈ ಹೋಗದಿದ್ದರೆ ಸ್ಪೀಕರುಗಳ ಹಿಂದಿನ ಟರ್ಮಿನಲ್ಲಿನಿಂದಲೂ ವೈರು ತೆಗೆಯಬಹುದು, ವ್ಯತ್ಯಾಸ ಏನೂ ಇಲ್ಲ. ಯುರೋಪಿನ ಹಳೇ ಸೆಟ್ಟುಗಳಲ್ಲಿ ಎರಡು ಪಿನ್ನಿನ ಡಿನ್ ಪ್ಲಗ್ಗು ಇರುತ್ತದೆ. ಅದರಲ್ಲಿ ಗುಂಡಗಿನ ಪಿನ್ ಪ್ಲಸ್, ಚಪ್ಪಟೆಯದು ಮೈನಸ್.

'ಬಿ ಸ್ಪೀಕರ್ ಜಾಗ ಖಾಲಿ ಇದೆಯಲ್ಲ, ಅಲ್ಲಿಗೆ ಸಬ್ ಹಾಕಿ ಎ ಪ್ಲಸ್ ಬಿ ಒತ್ತಿದರಾಯಿತು' ಅಂತ ಅನ್ನಿಸುವುದು ಸಹಜ. ಕೆಲವು ಸೆಟ್ಟುಗಳಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಇನ್ನು ಕೆಲವು ಸೆಟ್ಟುಗಳು ಎ ಪ್ಲಸ್ ಬಿ ಒತ್ತಿದಾಗ ಎರಡು ಜೋಡಿಯನ್ನೂ ಸೀರೀಸ್‌ನಲ್ಲಿ ಕಟ್ಟುತ್ತವೆ. ಆಗ ಸಬ್ಬಿನ ಸಾವಿರಾರು ಓಮ್ ನಡುವೆ ಕೂತು, ಮುಖ್ಯ ಸ್ಪೀಕರುಗಳ ಸದ್ದೇ ಅಡಗಿಹೋಗುತ್ತದೆ. ಹಾಗಾದರೆ ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಸಬ್ ವೈರನ್ನು ಎ ಟರ್ಮಿನಲ್ಲಿಗೇ ತಂದು ಸೇರಿಸಿ.

ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವುದು) ಇರುವವರಿಗೆ ಒಂದು ಮಾತು ಹೆಚ್ಚಿಗೆ. ಸಬ್ ಕಟ್ಟಿದೆ ಅಂತ ಸ್ಪೀಕರ್ ತೆಗೆದು ಆಂಪ್ ಓಡಿಸಬೇಡಿ. ಸಬ್ಬಿನ ಇನ್‌ಪುಟ್ ಅದಕ್ಕೆ ಲೋಡ್ ಅಲ್ಲ. ಖಾಲಿ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದಕ್ಕೆ ಬದಲಿ ಹುಡುಕುವುದು ಸುಲಭ ಅಲ್ಲ.

ಇನ್ನೊಂದು ದಾರಿ: ಪ್ರೀ ಔಟ್

ಕೆಲವು ಒಳ್ಳೆಯ ರಿಸೀವರುಗಳ ಹಿಂದೆ 'ಪ್ರೀ ಔಟ್', 'ಮೇನ್ ಇನ್' ಅಂತ ಎರಡು ಜೋಡಿ ಸಾಕೆಟ್ಟು ಇದ್ದು (ವಾಲ್ಯೂಮ್ ನಾಬು ದಾಟಿದ ಸಿಗ್ನಲ್ ಮೊದಲನೆಯದರಿಂದ ಹೊರಬಂದು, ಎರಡನೆಯದರಿಂದ ಸ್ಪೀಕರ್ ಓಡಿಸುವ ಭಾಗಕ್ಕೆ ಹೋಗುತ್ತದೆ), ಅವುಗಳ ನಡುವೆ ಯು ಆಕಾರದ ಲೋಹದ ಜಂಪರ್ ಸಿಕ್ಕಿಸಿರುತ್ತಾರೆ. ಮರಾಂಟ್ಜ್ 2270ರಂಥ ಸೆಟ್ಟುಗಳಲ್ಲಿ ಇದನ್ನು ನೋಡಬಹುದು. ಕೆಲವದರಲ್ಲಿ ಜಂಪರ್ ಬದಲು ಸಣ್ಣ ಸ್ವಿಚ್ಚು ಇರುತ್ತದೆ. ಜಂಪರ್ ತೆಗೆದು, ಪ್ರೀ ಔಟ್‌ಗೆ ವೈ ಆಕಾರದ ಆರ್‌ಸಿಎ (ಇಂಥ ಆಡಿಯೋ ಸಾಕೆಟ್ಟಿಗೆ ಹೋಗುವ ಗುಂಡಗಿನ ಪ್ಲಗ್ಗು) ಕವಲು ಹಾಕಿ. ಒಂದು ಕವಲು ಮೇನ್ ಇನ್‌ಗೆ ವಾಪಸ್, ಇನ್ನೊಂದು ಸಬ್ಬಿನ ಲೈನ್ ಇನ್‌ಗೆ. ಎರಡೂ ಚಾನೆಲ್ಲಿಗೆ ಹೀಗೆ. ತೆಗೆದ ಜಂಪರುಗಳನ್ನು ಒಂದು ಕವರಿಗೆ ಹಾಕಿ ಸೆಟ್ಟಿನ ಹಿಂಭಾಗಕ್ಕೇ ಟೇಪ್ ಅಂಟಿಸಿ ಇಡಿ. ಅವಿಲ್ಲದಿದ್ದರೆ ಸೆಟ್ ಮೂಕ, ಮುಂದೆ ಮಾರುವಾಗ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ.

ಸಬ್ಬಿನಲ್ಲಿ 'ಎಲ್‌ಎಫ್‌ಇ' ಅಂತ ಇರುವ (ಹೋಮ್ ಥಿಯೇಟರಿನ ಬೇಸ್ ಚಾನೆಲ್ಲಿಗಾಗಿ ಇಟ್ಟ) ಸಾಕೆಟ್ಟಿಗೆ ಹಾಕಬೇಡಿ. ಅದು ಸಾಮಾನ್ಯವಾಗಿ ಸಬ್ಬಿನದೇ ಕ್ರಾಸ್‌ಓವರನ್ನು (ತಗ್ಗಿನ ಸದ್ದನ್ನೂ ಮೇಲಿನದನ್ನೂ ಬೇರ್ಪಡಿಸುವ ಭಾಗ) ಬಿಟ್ಟು ನೇರ ಹೋಗುತ್ತದೆ, ಹಾಡುಗಾರರ ದನಿಯೂ ಸಬ್ಬಿನಿಂದ ಬರಲು ಶುರುವಾಗುತ್ತದೆ. ಎಡ, ಬಲ ಅಂತ ಇರುವುದಕ್ಕೇ ಹಾಕಿ.

ಪ್ರೀ ಔಟ್ ದಾರಿಯ ನಿಜವಾದ ಲಾಭ ಬೇರೆ. ಸಣ್ಣ ಸ್ಪೀಕರುಗಳಿಗೆ ಹೋಗುವ ಬೇಸನ್ನು ಇಲ್ಲಿ ಕಡಿಮೆ ಮಾಡಬಹುದು. ಅದಕ್ಕೆ ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಸಿಗುತ್ತದೆ. ಸೋಲ್ಡರಿಂಗ್ ಬರುವವರು ಮೇನ್ ಇನ್ ಕೇಬಲ್ಲಿನಲ್ಲಿ ಸೀರೀಸ್ ಆಗಿ ಒಂದು ಕೆಪಾಸಿಟರ್ ಹಾಕಿದರೂ ಆಗುತ್ತದೆ. ಮೇನ್ ಇನ್‌ನ ಇಂಪೀಡೆನ್ಸ್ 47 ಕಿಲೋಓಮ್ ಇದ್ದರೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 72 ಹರ್ಟ್ಜ್‌ನಿಂದ ಕೆಳಗಿನದನ್ನು ಮೆಲ್ಲಗೆ ಇಳಿಸುತ್ತದೆ. ಸಣ್ಣ ವೂಫರಿಗೆ ಭಾರ ಇಳಿದ ಮೇಲೆ ನಡುವಿನ ದನಿಗಳೂ ತಿಳಿಯಾಗುತ್ತವೆ. ದೊಡ್ಡ ಸ್ಪೀಕರ್ ಇದ್ದವರಿಗೆ ಈ ತಾಪತ್ರಯ ಬೇಡ.

ಟೇಪ್ ಔಟ್‌ನಿಂದ ಮಾತ್ರ ಸಬ್ ಕಟ್ಟಬೇಡಿ. ಟೇಪ್ ಔಟ್ ಸಿಗ್ನಲ್ ವಾಲ್ಯೂಮ್ ನಾಬಿಗಿಂತ ಮುಂಚೆಯೇ ಹೊರಡುತ್ತದೆ. ನೀವು ವಾಲ್ಯೂಮ್ ತಗ್ಗಿಸಿದರೂ ಸಬ್ ತನ್ನ ಪಾಡಿಗೆ ಧಂ ಧಂ ಅನ್ನುತ್ತಲೇ ಇರುತ್ತದೆ.

ಎಲ್ಲಿ ಇಡಬೇಕು?

ಇಲ್ಲಿ ಅವಸರ ಬೇಡ. 40 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 8.5 ಮೀಟರ್. ನಮ್ಮ ಕೋಣೆಗಳು ಅದಕ್ಕಿಂತ ಚಿಕ್ಕವು. ಹಾಗಾಗಿ ಅಲೆ ಗೋಡೆಯಿಂದ ಗೋಡೆಗೆ ಬಡಿದು, ಕೆಲವು ಜಾಗದಲ್ಲಿ ಬೇಸ್ ಊದಿಕೊಳ್ಳುತ್ತದೆ, ಕೆಲವು ಜಾಗದಲ್ಲಿ ಮಾಯವಾಗುತ್ತದೆ. ಐದು ಮೀಟರ್ ಉದ್ದದ ಕೋಣೆಯಲ್ಲಿ ಇಂಥ ಮೊದಲ ಊತ 34 ಹರ್ಟ್ಜ್ ಹತ್ತಿರ ಬರುತ್ತದೆ. ಆ ಊತಕ್ಕೆ ಗೋಡೆಯ ಪಕ್ಕ ಜೋರು, ಕೋಣೆಯ ನಟ್ಟನಡುವೆ ಬಹುತೇಕ ಮೌನ. ಎಷ್ಟು ದುಡ್ಡು ಕೊಟ್ಟ ಸಬ್ ಆದರೂ ಇದರಿಂದ ತಪ್ಪಿಸಿಕೊಳ್ಳಲಾರದು.

ಉಪಾಯ ಹಳೆಯದು, ನೋಡುವವರಿಗೆ ತಮಾಷೆಯೂ ಹೌದು. ನೀವು ಕೂತು ಕೇಳುವ ಕುರ್ಚಿಯನ್ನು ಸರಿಸಿ, ಆ ಜಾಗದಲ್ಲಿ ಸಬ್ಬನ್ನು ಇಡಿ. ಬೇಸ್ ಗಿಟಾರ್ ಒಂದೊಂದೇ ಸ್ವರ ಹತ್ತಿ ಇಳಿಯುವ ಯಾವುದಾದರೂ ಹಾಡು ಹಾಕಿ. ಈಗ ನೀವು ಮಂಡಿಯೂರಿ ಗೋಡೆಯ ಪಕ್ಕ, ಸ್ಪೀಕರಿನ ಪಕ್ಕ, ಮೂಲೆಗಳಲ್ಲಿ ಅಂಬೆಗಾಲಿಡುತ್ತ ಹೋಗಿ. ಕಿವಿ ಸಬ್ಬಿನ ಎತ್ತರದಲ್ಲೇ ಇರಲಿ. ಮೂಲೆಯಲ್ಲಿ ಸದ್ದು ಜಾಸ್ತಿ ಇರುತ್ತದೆ, ಆದರೆ ಒಂದೆರಡು ಸ್ವರ ಮಾತ್ರ ಗುಮ್ಮೆನ್ನುತ್ತಿರುತ್ತವೆ. ನೀವು ಹುಡುಕುವುದು ಜೋರಾದ ಜಾಗ ಅಲ್ಲ. ಎಲ್ಲ ಸ್ವರವೂ ಹೆಚ್ಚುಕಡಿಮೆ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಜಾಗ. ಅದು ಸಿಕ್ಕಿದಾಗ ಸಬ್ಬನ್ನು ಅಲ್ಲಿಗೆ ಒಯ್ದು, ಕುರ್ಚಿಯನ್ನು ವಾಪಸ್ ಇಡಿ. ಈ ಕೆಲಸಕ್ಕೆ ಸ್ವಲ್ಪ ಉದ್ದದ ವೈರು ಬೇಕು, ಅದಕ್ಕೇ ಮೊದಲೇ ಧಾರಾಳವಾಗಿ ಕತ್ತರಿಸಿ ಅಂದದ್ದು.

ಸಿಕ್ಕಿದ ಜಾಗ ಬಾಗಿಲ ಹಿಂದೆಯೋ ನಡೆಯುವ ದಾರಿಯಲ್ಲೋ ಇದ್ದರೆ ಎರಡನೇ ಒಳ್ಳೆಯ ಜಾಗಕ್ಕೆ ಹೊಂದಿಕೊಳ್ಳಿ. ಕುರ್ಚಿಯನ್ನೇ ಅರ್ಧ ಮೀಟರ್ ಮುಂದಕ್ಕೆ ಎಳೆದರೂ ಕೆಲವೊಮ್ಮೆ ಅಷ್ಟೇ ಲಾಭ ಆಗುತ್ತದೆ.

ನಾಬುಗಳನ್ನು ಹೊಂದಿಸುವುದು

ಆಂಪಿನಲ್ಲಿ ಲೌಡ್‌ನೆಸ್ ಬಟನ್ ಆಫ್ ಮಾಡಿ. ಬೇಸ್, ಟ್ರೆಬಲ್ ನಾಬುಗಳು ನಟ್ಟನಡುವೆ ಇರಲಿ. ಇಷ್ಟು ದಿನ ಬೇಸ್ ಸಾಲದೆ ಇವನ್ನು ಏರಿಸಿಟ್ಟು ಅಭ್ಯಾಸವಾಗಿರುತ್ತದೆ. ಅದು ಈಗ ಸಬ್ಬಿಗೂ ಹೋಗುತ್ತದೆ, ಮರೆಯಬೇಡಿ.

ಸಬ್ಬಿನ ಕ್ರಾಸ್‌ಓವರನ್ನು ನಿಮ್ಮ ಸ್ಪೀಕರ್ ಸೋಲುವ ಜಾಗದ ಹತ್ತಿರ ಇಡಿ. ಸಣ್ಣದಕ್ಕೆ 60, ದೊಡ್ಡದಕ್ಕೆ 40. ನಾಬಿನ ಸುತ್ತ ಬರೆದ ಅಂಕಿಗಳು ಅಂದಾಜು ಅಷ್ಟೇ, ಕಿವಿಯನ್ನೇ ನಂಬಿ. ಸಬ್ಬಿನ ವಾಲ್ಯೂಮ್ ಸೊನ್ನೆಯಿಂದ ಶುರು ಮಾಡಿ, ಅದು ಇದೆ ಅಂತ ತಿಳಿಯುವವರೆಗೆ ಏರಿಸಿ, ಆಮೇಲೆ ಒಂದು ಚೂರು ಇಳಿಸಿ.

ಈಗ ಫೇಸ್, ಅಂದರೆ ಸ್ಪೀಕರ್ ಮತ್ತು ಸಬ್ಬಿನ ಕೋನುಗಳು ಒಟ್ಟಿಗೇ ಚಲಿಸುವಂತೆ ಹೊಂದಿಸುವುದು. ಕ್ರಾಸ್‌ಓವರ್ ಎಷ್ಟಿದೆಯೋ ಅಷ್ಟೇ ಹರ್ಟ್ಜ್‌ನ ಒಂದೇ ಸಮನೆ ಟೋನ್ ನುಡಿಸಿ. ಫೋನಿನಲ್ಲಿ ಇಂಥ ಆ್ಯಪ್‌ಗಳು ಸಿಗುತ್ತವೆ. ಫೋನಿನಿಂದ ಆಕ್ಸ್‌ಗೆ ವೈರು ಹಾಕಿದರಾಯಿತು. ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಸಬ್ಬಿನ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಲಿ. ಯಾವುದರಲ್ಲಿ ಸದ್ದು ಜೋರೋ ಅದೇ ಸರಿ. ಸ್ಪೀಕರೂ ಸಬ್ಬೂ ಒಟ್ಟಿಗೆ ತಳ್ಳುತ್ತಿವೆ ಅಂತ ಅರ್ಥ.

ಕೊನೆಗೆ ನನಗೆ ಬಹಳ ಇಷ್ಟವಾದ ಪರೀಕ್ಷೆ: ರೇಡಿಯೋದಲ್ಲಿ ಗಂಡಸೊಬ್ಬರು ವಾರ್ತೆ ಓದುವುದನ್ನು ಹಾಕಿ. ಗಂಡಸಿನ ಮಾತಿನ ತಳದ ಸದ್ದು ಸಾಮಾನ್ಯವಾಗಿ 85 ಹರ್ಟ್ಜ್‌ಗಿಂತ ಮೇಲೇ ಇರುತ್ತದೆ. ಅಂದರೆ ಸಬ್ಬಿಗೆ ಇಲ್ಲಿ ಹೆಚ್ಚು ಕೆಲಸವೇ ಇರಬಾರದು. ಸಬ್ ಆನ್ ಮಾಡಿದಾಗ ಓದುವವರ ದನಿ ಕೊಡದೊಳಗಿಂದ ಬಂದ ಹಾಗೆ ಆದರೆ ಕ್ರಾಸ್‌ಓವರೋ ವಾಲ್ಯೂಮೋ ಜಾಸ್ತಿಯಾಗಿದೆ. ಇಳಿಸಿ, ಮತ್ತೆ ಕೇಳಿ. ಫೋನಿನ ಮೈಕಿನಲ್ಲಿ ಡೆಸಿಬೆಲ್ ಅಳೆದು ಇದನ್ನು ಮಾಡಲು ಹೋಗಬೇಡಿ. ಆ ಮೈಕುಗಳಿಗೆ ತಗ್ಗಿನ ಸದ್ದು ಸರಿಯಾಗಿ ಕೇಳಿಸುವುದಿಲ್ಲ.

ಎಲ್ಲ ಮುಗಿದ ಮೇಲೆ ಒಂದು ವಾರ ಮುಟ್ಟದೆ ಕೇಳಿ. ಹೊಸ ಆಟಿಕೆ ಬಂದಾಗ ಎಲ್ಲರೂ ಬೇಸ್ ಜಾಸ್ತಿಯೇ ಇಡುವುದು. ವಾರದ ನಂತರ ತಾನಾಗಿಯೇ ಕೈ ನಾಬಿನ ಕಡೆ ಹೋಗಿ ಇಳಿಸುತ್ತದೆ.

ರೆಕಾರ್ಡ್ ಕೇಳುವವರಿಗೆ

ಹಳೇ ಸೆಟ್ ಅಂದಮೇಲೆ ಟರ್ನ್‌ಟೇಬಲ್ ಇದ್ದೇ ಇರುತ್ತದೆ. ಸಬ್ ಬಂದ ಮೇಲೆ ಅದರ ಹುಳುಕು ಹೊರಬರುತ್ತದೆ. ಸೊಟ್ಟಗಾದ ರೆಕಾರ್ಡ್ ಪ್ರತಿ ಸುತ್ತಿಗೂ ಸೂಜಿಯನ್ನು ಮೇಲೆ ಕೆಳಗೆ ಎತ್ತಿಹಾಕುತ್ತದೆ. ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ 8–12 ಹರ್ಟ್ಜ್ ಹತ್ತಿರ ತಾವೇ ಅಲುಗುತ್ತವೆ. ಇದೆಲ್ಲ ಕಿವಿಗೆ ಕೇಳುವುದಿಲ್ಲ. ಆದರೆ ಸಬ್ಬಿನ ಕೋನ್ ಹಾಡೇ ಇಲ್ಲದ ಜಾಗದಲ್ಲೂ ಒಳಗೆ ಹೊರಗೆ ಓಡಾಡುತ್ತ ಇರುವುದು ಕಣ್ಣಿಗೆ ಕಾಣುತ್ತದೆ. ಆಂಪಿನಲ್ಲಿ 'ಸಬ್‌ಸಾನಿಕ್' ಫಿಲ್ಟರ್ ಇದ್ದರೆ ಹಾಕಿ. ಅದು ಸಾಮಾನ್ಯವಾಗಿ 15–20 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸುತ್ತದೆ. ಬರೀ 'ಲೋ ಫಿಲ್ಟರ್' ಅಂತ ಇದ್ದರೆ ಹುಷಾರು. ಕೆಲವು ಸೆಟ್ಟುಗಳಲ್ಲಿ ಅದು 70 ಹರ್ಟ್ಜ್ ಸುಮಾರಿಗೇ ಶುರುವಾಗಿ, ನೀವು ಕಷ್ಟಪಟ್ಟು ಸೇರಿಸಿದ ಬೇಸನ್ನೇ ತಿಂದುಹಾಕುತ್ತದೆ.

ಟರ್ನ್‌ಟೇಬಲ್ ಇರುವ ಮೇಜಿನ ಮೇಲಾಗಲಿ, ಅದೇ ಸ್ಟ್ಯಾಂಡಿನ ಕೆಳಗಾಗಲಿ ಸಬ್ ಬೇಡ. ಪರೀಕ್ಷೆ ಸುಲಭ: ಮೋಟರ್ ನಿಲ್ಲಿಸಿ, ನಿಂತ ರೆಕಾರ್ಡಿನ ಮೇಲೆ ಸೂಜಿ ಇಟ್ಟು, ವಾಲ್ಯೂಮನ್ನು ಎಂದಿನ ಮಟ್ಟಕ್ಕೆ ಮೆಲ್ಲಗೆ ಏರಿಸಿ, ಮೇಜನ್ನು ಬೆರಳಿನಿಂದ ತಟ್ಟಿ. ಸಬ್ಬಿನಿಂದ ಸಣ್ಣ ಸದ್ದು ಬಂದರೆ ಪರವಾಗಿಲ್ಲ. ಧಡ್ ಅಂತ ಬಂದು ಎಳೆದುಕೊಂಡು ಹೋದರೆ, ಇಲ್ಲವೇ ತಾನೇ ಊಳಿಡಲು ಶುರುವಾದರೆ, ತಕ್ಷಣ ವಾಲ್ಯೂಮ್ ಇಳಿಸಿ ಟರ್ನ್‌ಟೇಬಲ್ಲನ್ನು ಗೋಡೆಗೆ ಹೊಡೆದ ಹಲಗೆಗೆ ಸಾಗಿಸುವ ಯೋಚನೆ ಮಾಡಿ.

ಗುಂಯ್ ಅಂದರೆ

ಸಬ್ ಹಾಕಿದ ಕೂಡಲೇ ಒಂದೇ ಸಮನೆ ಗುಂಯ್ ಅನ್ನುತ್ತಿದೆಯಾ? ಸಬ್ಬಿಗೆ ಬರುವ ಸಿಗ್ನಲ್ ವೈರನ್ನು ಬಿಡಿಸಿ. ಆಗಲೂ ಇದ್ದರೆ ತೊಂದರೆ ಸಬ್ಬಿನದೇ. ನಿಂತರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್: ಎರಡು ಯಂತ್ರಗಳು ಬೇರೆಬೇರೆ ದಾರಿಯಲ್ಲಿ ಅರ್ತ್ ಆಗಿರುತ್ತವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ರಿಸೀವರಿಗೆ ಕೇಬಲ್ ಆಂಟೆನಾ ಸೇರಿಸಿದ್ದರೆ ಅದನ್ನು ಕಿತ್ತು ನೋಡಿ, ಬಹಳ ಸಲ ಕಳ್ಳ ಅಲ್ಲೇ ಇರುತ್ತಾನೆ. ಆರ್‌ಸಿಎ ದಾರಿಯಲ್ಲಿ ಕಟ್ಟಿದ್ದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅಗ್ಗದವು ಗುಂಯ್ ಜತೆಗೆ ಬೇಸನ್ನೂ ಕಡಿಯುತ್ತವೆ. ಏನೇ ಆದರೂ ಸಬ್ಬಿನ ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಕೆಲಸ ಮಾಡಬೇಡಿ. ಗುಂಯ್ ನಿಲ್ಲಬಹುದು, ಶಾಕ್ ಹೊಡೆದರೆ ತಡೆಯುವವರು ಯಾರೂ ಇರುವುದಿಲ್ಲ.

ರಾತ್ರಿ ಮೆಲ್ಲಗೆ ಹಾಡು ಕೇಳುವಾಗ ಸಬ್ ನಡುನಡುವೆ ನಿಂತುಹೋಗುತ್ತಿದ್ದರೆ ಅದು ಕೆಟ್ಟಿಲ್ಲ. ಸಿಗ್ನಲ್ ಸಾಲದೆ 'ಆಟೋ' ಸ್ವಿಚ್ಚು ಅದನ್ನು ಮಲಗಿಸುತ್ತಿದೆ. 'ಆನ್'ಗೆ ಹಾಕಿ. ಆಗ ಕೈಯಿಂದಲೇ ಆನ್ ಆಫ್ ಮಾಡಬೇಕಾಗುತ್ತದೆ: ಹಾಕುವಾಗ ಸಬ್ ಕೊನೆಗೆ, ಆರಿಸುವಾಗ ಸಬ್ ಮೊದಲಿಗೆ. ಹಳೇ ಆಂಪ್ ಆನ್ ಆಗುವಾಗ ಕೊಡುವ ಧಡಕ್ ಸದ್ದು ಆಗ ಸಬ್ಬಿನವರೆಗೆ ಹೋಗುವುದಿಲ್ಲ.